ಬೆಟ್ಟದ ನೀರು, ಬಯಲಿನ ಕಬ್ಬು

(ಗ್ರಾಮಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಸುರಿದ ಮಳೆ ಕಾವೇರಿ, ಹೇಮಾವತಿಗಳಾಗಿ ಹರಿದು, ಕೃಷ್ಣರಾಜಸಾಗರದಲ್ಲಿ ಕೂಡಿ, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯದ ಕಬ್ಬಿನ ಗದ್ದೆಗಳನ್ನು ಸೇರುತ್ತದೆ. 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಗಾಗಿ ದುಡಿದವರಲ್ಲಿ ಲೆಸ್ಲಿ ಕೋಲ್ಮನ್ ಒಬ್ಬರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದವರೂ ಅವರೇ. ಬೆಟ್ಟಕ್ಕೂ ಬಯಲಿಗೂ ನಂಟು ಹಳೆಯದು. ಕಬ್ಬು ಬೆಳೆಗಾರನ ಕಷ್ಟ ಮಲೆನಾಡಿಗೆ ಹೊರಗಿನದಲ್ಲ.

ಕಬ್ಬಿಗೆ ವರ್ಷದಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಕು. ಹಾಗೆಂದು ಬೆಳೆಯನ್ನು ಬೈದರೆ ರೈತ ಅದನ್ನು ಬಿಡಲಾರ. ಕೊಯ್ಯುವ ಮೊದಲೇ ಕೊಳ್ಳುವವರು ಗೊತ್ತಿರುವ ಬೆಳೆಗಳು ವಿರಳ. ಕಬ್ಬಿನ ದರ ರೈತನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಖರ್ಚು. ಆ ಖರ್ಚು ತಗ್ಗುವ ದಾರಿಯಲ್ಲೇ ನೀರೂ ಮಣ್ಣೂ ಉಳಿಯುತ್ತವೆ.

ಮೊದಲನೆಯದು ಬಿತ್ತನೆ. ಹಳೆಯ ಪದ್ಧತಿಯಲ್ಲಿ ಎಕರೆಗೆ ಮೂರು ಕಣ್ಣಿನ ಸುಮಾರು 16,000 ತುಂಡುಗಳು, ಅಂದರೆ 48,000 ಕಣ್ಣುಗಳು ಮಣ್ಣು ಸೇರುತ್ತವೆ. ಒಂಟಿ ಕಣ್ಣಿನ ಸಸಿಯನ್ನು ಒಂದು ತಿಂಗಳು ಬೆಳೆಸಿ, ಐದು ಅಡಿ ಅಂತರದ ಸಾಲಿನಲ್ಲಿ ಎರಡಡಿಗೊಂದರಂತೆ ನೆಟ್ಟರೆ 5,000 ಸಸಿ ಸಾಕು. ನಡುವಿನ ಜಾಗದಲ್ಲಿ ಉದ್ದು, ಹೆಸರು, ಅಲಸಂದೆ ಬೆಳೆದರೆ ಮೂರು ತಿಂಗಳಲ್ಲಿ ಕೈಗೆ ಕಾಸು, ಮಣ್ಣಿಗೆ ಸಾರಜನಕ.

ಎರಡನೆಯದು ರವದಿ. ಕೊಯ್ಲಾದ ಮೇಲೆ ಒಣಗರಿಗೆ ಬೆಂಕಿಯಿಡುವುದು ಸುಲಭ. ಅದರೊಡನೆ ಗೊಬ್ಬರವೂ ಸುಡುತ್ತದೆ. ಅದನ್ನೇ ಸಾಲುಗಳ ನಡುವೆ ಹರಡಿ ಸಗಣಿ ನೀರು ಚಿಮುಕಿಸಿದರೆ ಕೂಳೆ ಬೆಳೆಗೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ. ಅಡಿಕೆ ಮರದ ಬುಡಕ್ಕೆ ತರಗೆಲೆ ಹಾಸುವವರಿಗೆ ಇದು ಹೊಸ ಮಾತಲ್ಲ.

ಮೂರನೆಯದು ನೀರು. ಹನಿ ನೀರಾವರಿಗೆ ಬಂಡವಾಳ ಬೇಕು. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಲು ಬೇಡ.

ಇಷ್ಟಿದ್ದರೂ ರೈತ ಹಿಂಜರಿಯುವುದೇಕೆ? ನಾಲೆಯ ನೀರಿಗೆ ಕರ ಎಕರೆಯ ಲೆಕ್ಕದಲ್ಲಿದೆ, ಬಳಸಿದ ಪ್ರಮಾಣದ ಲೆಕ್ಕದಲ್ಲಿಲ್ಲ, ಉಳಿಸಿದವನಿಗೆ ಲಾಭವಿಲ್ಲ. ಪ್ರಯೋಗ ಸೋತರೆ ಇಡೀ ವರ್ಷವೇ ನಷ್ಟ. ಸಾಲ ಹೊತ್ತವನಿಗೆ ಉಪದೇಶ ಸಾಲದು. ಊರಲ್ಲೇ ಸಸಿ ಸಿಗಬೇಕು. ಮೊದಲ ವರ್ಷ ಅರ್ಧ ಎಕರೆ ಮಾತ್ರ ಹೊಸ ಪದ್ಧತಿಗೆ ಸಾಕು. ಪಕ್ಕದಲ್ಲೇ ಹಳೆಯದೂ ಇರಲಿ. ಎರಡರ ಖರ್ಚು, ಇಳುವರಿಗಳನ್ನು ವಿದ್ಯಾರ್ಥಿಗಳು ಬರೆದಿಡಲಿ. ನೆರೆಯವನ ಲೆಕ್ಕದ ಪುಸ್ತಕವನ್ನು ನಂಬುವಷ್ಟು ರೈತ ಯಾವ ಭಾಷಣವನ್ನೂ ನಂಬಲಾರ.

ಬಯಲಿನವರು ನೀರನ್ನು ಮಿತವಾಗಿ ಬಳಸಲಿ ಎಂದು ಕೇಳುವ ಹಕ್ಕು ಬೆಟ್ಟದವರಿಗಿದೆ. ಆ ನೀರು ಹುಟ್ಟುವ ಕಾಡನ್ನು ಕಾಯುವ ಹೊಣೆಯೂ ಅವರದೇ.