ನರ್ಸ್ ಬರೆದದ್ದು, ವೈದ್ಯರಿಗೆ ತಲುಪದ್ದು

ರೋಗಿಯ ಕುರಿತ ಮಾಹಿತಿ ಹೆಚ್ಚಾಗಿ ಕಳೆದುಹೋಗುವುದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ. 2014ರ ಸೆಪ್ಟೆಂಬರ್ 25ರ ರಾತ್ರಿ ಡಲ್ಲಾಸ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬಂದ ರೋಗಿ ತಾವು ಆಫ್ರಿಕಾದಿಂದ ಬಂದದ್ದನ್ನು ನರ್ಸ್‌ಗೆ ತಿಳಿಸಿದರು. ನರ್ಸ್ ಅದನ್ನು ಕಂಪ್ಯೂಟರಿನಲ್ಲಿ ದಾಖಲಿಸಿದರು. ಚಿಕಿತ್ಸೆಯ ತೀರ್ಮಾನದಲ್ಲಿ ಮಾತ್ರ ಆ ಸಂಗತಿ ಲೆಕ್ಕಕ್ಕೆ ಬರಲಿಲ್ಲ; ರೋಗಿಯನ್ನು ಮನೆಗೆ ಕಳಿಸಲಾಯಿತು. 28ರಂದು ಅವರು ಆಂಬುಲೆನ್ಸಿನಲ್ಲಿ ಮರಳಿದರು. ಎಬೋಲಾ ದೃಢಪಟ್ಟಿತು, ಅಕ್ಟೋಬರ್ 8ರಂದು ತೀರಿಕೊಂಡರು. ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೂ ಸೋಂಕು ತಗುಲಿತು. ಪುಣ್ಯಕ್ಕೆ ಇಬ್ಬರೂ ಗುಣಮುಖರಾದರು.

ಇಂಥ ತೊಡಕಿನ ಬೇರು ಯಂತ್ರದಲ್ಲಷ್ಟೇ ಇಲ್ಲ. ಹ್ಯೂಸ್ಟನ್‌ನ ವೈದ್ಯ ಎರಿಕ್ ಥಾಮಸ್, ಆಸ್ಟಿನ್‌ನಲ್ಲಿ ವಿಮಾನ ಸಿಬ್ಬಂದಿಯ ನಡವಳಿಕೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೆಲ್ಮ್‌ರಿಕ್ ಮತ್ತು ಬ್ರಯನ್ ಸೆಕ್ಸ್ಟನ್ 2003ರಲ್ಲಿ ತೀವ್ರ ನಿಗಾ ಘಟಕಗಳ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ನರ್ಸ್‌ಗಳೊಂದಿಗಿನ ಸಹಕಾರ, ಸಂವಹನ ಉತ್ತಮವಾಗಿದೆ ಎಂದ ವೈದ್ಯರು ಶೇ. 73. ವೈದ್ಯರ ಬಗ್ಗೆ ಅದೇ ಮಾತು ಹೇಳಿದ ನರ್ಸ್‌ಗಳು ಶೇ. 33 ಮಾತ್ರ. ಒಂದೇ ಘಟಕದಲ್ಲಿ ದುಡಿಯುವವರ ನಡುವೆ ಇಷ್ಟು ಅಂತರವಿರುವುದು ಕಳವಳದ ಸಂಗತಿ.

ಇಂಥ ಅಂತರವನ್ನು ದಾಟಲು ವಿಮಾನಯಾನದಲ್ಲಿ ಕಿರಿಯ ಪೈಲಟ್‌ಗೆ ಕ್ಯಾಪ್ಟನ್‌ನ ತಪ್ಪನ್ನು ಎತ್ತಿ ಹೇಳುವ ತರಬೇತಿ ಇದೆ. ಕೇಳಿದ ಸೂಚನೆಯನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವ ಕ್ರಮವೂ ಇದೆ. ವಾರ್ಡುಗಳಲ್ಲಿ ಪಾಳಿ ಬದಲಾಗುವಾಗ ರೋಗಿಯ ಹಾಸಿಗೆಯ ಬಳಿಯೇ ನಿಂತು ವಿಷಯ ಒಪ್ಪಿಸುವುದು ಇದೇ ಬಗೆಯ ಕ್ರಮ. ನರ್ಸ್ ಗಮನಿಸಿದ್ದನ್ನು ವೈದ್ಯರು ನೇರವಾಗಿ ಕೇಳಿ ತಿಳಿಯುವುದು ಪ್ರತಿ ಆಸ್ಪತ್ರೆಯಲ್ಲೂ ಕಡ್ಡಾಯವಾಗಬೇಕು.