ಸ್ಕೀ ಹಲಗೆಯ ಆಯುಸ್ಸು

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಊರು ಅದು. ಬಾಲ್ಯದಲ್ಲಿ ನಾನು ಹಿಮವನ್ನು ಕಂಡಿದ್ದರೆ ಅದು ಐಸ್‌ಕ್ಯಾಂಡಿ ಮಾರುವವರ ಪೆಟ್ಟಿಗೆಯೊಳಗೆ ಮಾತ್ರ. ಅಂಥ ಊರಿನವನು ಇವತ್ತು ಹಿಮದ ಮೇಲೆ ಜಾರುವ ಸ್ಕೀ ಹಲಗೆ ಎಷ್ಟು ಕಾಲ ಬಾಳುತ್ತದೆ, ಯಾವುದರಿಂದ ಹಾಳಾಗುತ್ತದೆ ಎಂದು ಹೇಳಲು ಹೊರಟರೆ ನಿಮಗೆ ನಗು ಬರಬಹುದು. ಆದರೆ ಸ್ಕೀಯಿಂಗ್ ಕನ್ನಡಿಗರಿಗೆ ತೀರ ದೂರದ ಆಟವೇನೂ ಅಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಇನ್ನೊಂದು ಕಾರಣವೂ ಇದೆ. ಈ ಹಲಗೆಯಿಂದ ನಾನು ಕಲಿತ ಒಂದು ಪಾಠ ನಿಮ್ಮ ಕಾಲಿನ ಷೂಗೆ, ಮನೆಯ ಬೈಕಿಗೆ, ತಲೆಯ ಮೇಲಿನ ಹೆಲ್ಮೆಟ್ಟಿಗೆ ಅಷ್ಟೇ ಅನ್ವಯಿಸುತ್ತದೆ.

ಕೆಲವು ವರ್ಷಗಳ ಹಿಂದೆ ಫೆಬ್ರವರಿಯಲ್ಲಿ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಾವು ನಾಲ್ಕು ಜನ ಉತ್ತರಾಖಂಡದ ಔಲಿಗೆ ಹೋಗಿದ್ದೆವು. ಸಮುದ್ರಮಟ್ಟದಿಂದ ಸುಮಾರು 2800 ಮೀಟರ್ ಎತ್ತರದ ಜಾಗ. ಅಲ್ಲಿ ಸ್ಕೀ ಹಲಗೆ, ಬೂಟುಗಳನ್ನು ಬಾಡಿಗೆಗೆ ಕೊಡುವವರಿದ್ದಾರೆ. ನಮ್ಮ ಸಹಾಯಕ ಛಾಯಾಗ್ರಾಹಕ ಇಪ್ಪತ್ತನಾಲ್ಕು ವರ್ಷದ ಉತ್ಸಾಹಿ ಹುಡುಗ. ರಾಶಿಯಲ್ಲಿ ಹುಡುಕಿ ಒಂದು ಗೀರೂ ಇಲ್ಲದ, ಹೊಳೆಯುವ ಬೂಟನ್ನು ಆರಿಸಿಕೊಂಡ. ನಾನು ವಿಜ್ಞಾನದ ಪದವೀಧರ. ನಾನೂ ಅದನ್ನು ನೋಡಿ, ಒಳ್ಳೆಯದನ್ನೇ ಆರಿಸಿದೆ ಎಂದು ಬೆನ್ನು ತಟ್ಟಿದೆ. ಮಾರನೆಯ ದಿನ ಬೆಳಿಗ್ಗೆ ಮೂರನೆಯ ಸಲ ಜಾರುವಾಗ ಆ ಬೂಟು ಹಿಮ್ಮಡಿಯ ಬಳಿ ಮಡಕೆಯಂತೆ ಒಡೆದುಹೋಯಿತು. ಹುಡುಗನ ಮೊಣಕಾಲು ತಿರುಚಿತು. ಆರು ವಾರ ಅವನು ಹಾಸಿಗೆ ಬಿಟ್ಟು ಏಳಲಿಲ್ಲ.

ಹೊಸದರಂತೆ ಕಾಣುತ್ತಿದ್ದ ಬೂಟು ಏಕೆ ಒಡೆಯಿತು? ಅದನ್ನು ತಿಳಿಯಲು ಮೊದಲು ಹಲಗೆಯಿಂದಲೇ ಆರಂಭಿಸೋಣ.

ಹೆಸರಿಗೆ ಹಲಗೆಯಾದರೂ ಇಂದಿನ ಸ್ಕೀ ಒಂದೇ ಮರದ ತುಂಡಲ್ಲ. ನಡುವೆ ಹಗುರವಾದ ಮರದ ತಿರುಳು. ಅದರ ಮೇಲೂ ಕೆಳಗೂ ಗಾಜಿನ ನಾರಿನ ಪದರ. ಇವೆಲ್ಲವನ್ನೂ ಎಪಾಕ್ಸಿ ಅಂಟಿನಿಂದ ಒತ್ತಿ ಬೆಸೆದಿರುತ್ತಾರೆ. ಹಿಮವನ್ನು ಮುಟ್ಟುವ ತಳ ಪಾಲಿಥಿನ್. ನಾವು ಸಂತೆಗೆ ಒಯ್ಯುತ್ತಿದ್ದ ಪಾಲಿಥಿನ್ ಚೀಲದ ಜಾತಿಯದೇ. ಆದರೆ ಇದರ ಅಣುಸರಪಳಿಗಳು ಬಹಳ ಉದ್ದ, ಆದ್ದರಿಂದ ಬಹಳ ಗಟ್ಟಿ. ಕೃತಕ ಮೊಣಕಾಲಿನ ಕೀಲಿನಲ್ಲಿಯೂ ಇದೇ ಬಗೆಯ ಪಾಲಿಥಿನ್ ಬಳಸುತ್ತಾರೆ. ಇಳಿಜಾರಿನಲ್ಲಿ ಜಾರುವ ಹಲಗೆಯ ಎರಡೂ ಅಂಚಿಗೆ ಉಕ್ಕಿನ ಸಣ್ಣ ಪಟ್ಟಿ ಇರುತ್ತದೆ. ತಿರುಗುವಾಗ, ನಿಲ್ಲುವಾಗ ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವುದು ಈ ಅಂಚೇ. ಹಲಗೆಯ ಮೇಲೆ ಬೂಟನ್ನು ಹಿಡಿದಿಡುವ ಬೈಂಡಿಂಗ್ ಎಂಬ ಸ್ಪ್ರಿಂಗಿನ ಸಾಧನವಿರುತ್ತದೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಂಡು ಕಾಲನ್ನು ಉಳಿಸಬೇಕು.

ಇಷ್ಟು ವಸ್ತುಗಳು ಒಟ್ಟಿಗೆ ಸೇರಿರುವಾಗ ಎಲ್ಲವೂ ಒಂದೇ ರೀತಿಯಲ್ಲಿ, ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಹಾಳಾಗುವ ದಾರಿಗಳು ಮೂರು.

ಮೊದಲನೆಯದು ಸವೆತ. ಹಿಮವೇ ಉಕ್ಕನ್ನು ಸವೆಸುತ್ತದೆ ಎಂದು ನೀವು ಭಾವಿಸಬಹುದು. ಗಡಸುತನದ ಮೋಸ್ ಅಳತೆಯನ್ನು ನೀವು ಓದಿದ್ದೀರಿ. ಸೊನ್ನೆ ಡಿಗ್ರಿಯ ಹತ್ತಿರ ಮಂಜುಗಡ್ಡೆಯ ಗಡಸುತನ ಸುಮಾರು ಒಂದೂವರೆ. ಚಳಿ ಹೆಚ್ಚಾದಂತೆ ಅದೂ ಗಟ್ಟಿಯಾಗುತ್ತದೆ, ಹಿಮದ ಹರಳಿನ ಮೊನೆಗಳು ತಳವನ್ನು ನಿಧಾನವಾಗಿ ಉಜ್ಜುತ್ತವೆ. ಆದರೆ ನಿಜವಾದ ಶತ್ರು ಹಿಮದ ಕೆಳಗಿರುವ ಕಲ್ಲು. ನಮ್ಮ ಬಳ್ಳಾರಿ ಗುಡ್ಡದ ಕಣಶಿಲೆಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಮಿನುಗುವ ಬೆಣಚುಕಲ್ಲಿನ ಕಣಗಳ ಗಡಸುತನ ಏಳು. ಅದು ಉಕ್ಕನ್ನೇ ಗೀರಬಲ್ಲದು. ಪಾಲಿಥಿನ್ ಯಾವ ಲೆಕ್ಕ? ಹಿಮ ತೆಳುವಾಗಿರುವ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಹಾದರೆ ಸಾಕು, ಒಂದು ತಿಂಗಳ ಹಿಮ ಮಾಡದ ಹಾನಿಯನ್ನು ಅದು ಒಂದು ಕ್ಷಣದಲ್ಲಿ ಮಾಡುತ್ತದೆ. ಆ ಗೀರು ತಿರುಳಿನವರೆಗೆ ಇಳಿದರೆ ಇನ್ನೂ ಕೆಟ್ಟದು. ಅದರೊಳಗೆ ನೀರು ಸೇರುತ್ತದೆ, ಮರ ಉಬ್ಬುತ್ತದೆ. ರಾತ್ರಿ ಆ ನೀರು ಹೆಪ್ಪುಗಟ್ಟಿ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗುತ್ತದೆ. ಪದರಗಳು ಬಿಟ್ಟುಕೊಳ್ಳಲು ಆರಂಭಿಸುತ್ತವೆ.

ಇನ್ನೊಂದು ಸ್ವಾರಸ್ಯವಿದೆ. ರಿಪೇರಿಯೂ ಹಲಗೆಯನ್ನು ಸವೆಸುತ್ತದೆ. ಮೊಂಡಾದ ಅಂಚನ್ನು ಅರದಿಂದ ಉಜ್ಜಿ ಹರಿತ ಮಾಡುತ್ತಾರೆ. ಅಂಚಿನ ದಪ್ಪ ಹೊಸದರಲ್ಲಿಯೇ ಸುಮಾರು ಎರಡು ಮಿಲಿಮೀಟರ್. ಲೆಕ್ಕಕ್ಕಾಗಿ, ಪ್ರತಿ ಸಲ ಹರಿತ ಮಾಡಿದಾಗ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಹೋಗುತ್ತದೆಂದು ಹಿಡಿಯಿರಿ. ಇಪ್ಪತ್ತು ಸಲಕ್ಕೆ ಅರ್ಧ ಅಂಚು ಮುಗಿಯಿತು! ನಮ್ಮ ಅಡುಗೆಮನೆಯ ಈಳಿಗೆಮಣೆಯನ್ನು ಸಾಣೆ ಹಿಡಿಸಿ ಹಿಡಿಸಿ ಅದರ ಅಲಗು ಅರ್ಧವಾಗುವುದಿಲ್ಲವೆ, ಹಾಗೆಯೇ. ಆದ್ದರಿಂದ ಬಲ್ಲವರು ಬೇಕಾದಾಗ, ಬೇಕಾದಷ್ಟೇ ಉಜ್ಜುತ್ತಾರೆ.

ಎರಡನೆಯದು ದಣಿವು. ವಸ್ತುಗಳಿಗೂ ದಣಿವುಂಟು. ಒಂದು ತಂತಿಯ ತುಂಡನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ಬಾಗಿಸಿ. ಮೊದಲ ಸಲ ಏನೂ ಆಗುವುದಿಲ್ಲ. ಐದನೆಯ ಸಲವೂ ಇಲ್ಲ. ಹತ್ತನೆಯದೋ ಹದಿನೈದನೆಯದೋ ಸಲಕ್ಕೆ ಪಟ್ಟೆಂದು ಮುರಿಯುತ್ತದೆ. ಕೊನೆಯ ಸಲದ ಬಲ ಮೊದಲಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಒಳಗೆ ಬಿರುಕು ಕಣ್ಣಿಗೆ ಕಾಣದಂತೆ ಬೆಳೆಯುತ್ತ ಬಂದಿತ್ತು, ಅಷ್ಟೇ. ಸ್ಕೀ ಹಲಗೆ ಪ್ರತಿ ತಿರುವಿನಲ್ಲಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಂದು ದಿನದಲ್ಲಿ ಹೀಗೆ ಸಾವಿರಾರು ಸಲ. ಗಾಜಿನ ನಾರು ಮತ್ತು ಅಂಟಿನ ನಡುವೆ ಕೂದಲೆಳೆಗಿಂತ ಸೂಕ್ಷ್ಮವಾದ ಬಿರುಕುಗಳು ಹುಟ್ಟುತ್ತವೆ. ಹಲಗೆ ಮುರಿಯುವುದಿಲ್ಲ, ಆದರೆ ಪುಟಿಯುವ ಗುಣ ಕಳೆದುಕೊಳ್ಳುತ್ತದೆ.

ಇದನ್ನು ಪರೀಕ್ಷಿಸುವ ಬಗೆಯನ್ನು ಔಲಿಯ ತರಬೇತುದಾರರೊಬ್ಬರು ತೋರಿಸಿಕೊಟ್ಟರು. ಎರಡು ಹಲಗೆಗಳ ತಳವನ್ನು ಒಂದಕ್ಕೊಂದು ಎದುರಾಗಿ ಹಿಡಿದರೆ ತುದಿಗಳು ಕೂಡುತ್ತವೆ, ನಡುವೆ ಕಮಾನಿನಂತೆ ಸಂದು ಉಳಿಯುತ್ತದೆ. ಆ ಸಂದನ್ನು ಅಂಗೈಯಿಂದ ಒತ್ತಿದರೆ ಅದು ಎದುರು ಒತ್ತಬೇಕು, ಬಿಟ್ಟೊಡನೆ ತೆರೆದುಕೊಳ್ಳಬೇಕು. ಅವರು ಎರಡು ಜೋಡಿ ತೆಗೆದರು. ಒಂದರ ಮೇಲೆ ಬಣ್ಣ ಹೊಳೆಯುತ್ತಿತ್ತು. ಸಂದು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು. ಇನ್ನೊಂದರ ಮೈತುಂಬ ಗೀರು, ಬಣ್ಣ ಎದ್ದುಹೋಗಿತ್ತು. ಒತ್ತಿದರೆ ಬಿಲ್ಲಿನಂತೆ ಪುಟಿಯಿತು. ಮೊದಲನೆಯದು ಸತ್ತದ್ದು, ಎರಡನೆಯದು ಬದುಕಿದ್ದು ಎಂದರು. ಕೆಲವು ಹೊಸ ಮಾದರಿಗಳನ್ನು ಬೇಕೆಂದೇ ಕಮಾನಿಲ್ಲದೆ ಮಾಡುವುದರಿಂದ ಹಲಗೆಯ ಮೂಲ ಆಕಾರ ತಿಳಿದಿರಬೇಕು ಎಂದೂ ಎಚ್ಚರಿಸಿದರು.

ನಮ್ಮ ಬಳ್ಳಾರಿಯ ಜೀನ್ಸ್ ಪ್ಯಾಂಟುಗಳು ಆಗ ನನಗೆ ನೆನಪಾದವು. ಹೊಸ ಬಟ್ಟೆಯನ್ನು ತೊಳೆದು, ಉಜ್ಜಿ, ಹಳೆಯದರಂತೆ ಕಾಣಿಸಿ ಮಾರುವುದು ಅಲ್ಲಿನ ಕಸುಬು. ಅಲ್ಲಿ ಹೊಸದು ಹಳೆಯದರ ವೇಷ ಹಾಕುತ್ತದೆ. ಇಲ್ಲಿ ಹಳೆಯದು ಹೊಸದರ ವೇಷ ಹಾಕಿತ್ತು. ಮೇಲಿನ ನೋಟ ಎರಡೂ ಕಡೆ ಸುಳ್ಳು ಹೇಳುತ್ತದೆ.

ಮೂರನೆಯ ದಾರಿಯೇ ಅತ್ಯಂತ ಮೋಸದ್ದು. ಅದು ಸುಮ್ಮನೆ ಇಟ್ಟರೂ ಹಾಳಾಗುವುದು. ಒದ್ದೆ ಹಲಗೆಯನ್ನು ಚೀಲದಲ್ಲಿ ಕಟ್ಟಿಟ್ಟರೆ ಉಕ್ಕಿನ ಅಂಚು ತುಕ್ಕು ಹಿಡಿಯುತ್ತದೆ. ಮೇಣ ಹಚ್ಚದೆ ಬಿಸಿಲಿನಲ್ಲಿಟ್ಟರೆ ತಳದ ಪಾಲಿಥಿನ್ ಆಮ್ಲಜನಕದೊಡನೆ ಕೂಡಿ ಒಣಗಿದ ಚರ್ಮದಂತೆ ಬೆಳ್ಳಗಾಗುತ್ತದೆ. ಬೈಂಡಿಂಗಿನೊಳಗಿನ ಜಿಡ್ಡು ಗಟ್ಟಿಯಾಗಿ, ಬಿಚ್ಚಿಕೊಳ್ಳಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ. ಇನ್ನು ಬೂಟು. ಬಹುಪಾಲು ಸ್ಕೀ ಬೂಟುಗಳ ಹೊರಕವಚ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್. ಅದರ ಹಲವು ಬಗೆಗಳಲ್ಲಿ ಎಸ್ಟರ್ ಬಂಧಗಳಿರುತ್ತವೆ. ಗಾಳಿಯ ತೇವವೇ ಈ ಬಂಧಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ರಸಾಯನ ವಿಜ್ಞಾನದಲ್ಲಿ ನೀವು ಓದುವ ಜಲವಿಚ್ಛೇದನ ಇದೇ. ಬೂಟನ್ನು ತೊಟ್ಟರೂ ತೊಡದಿದ್ದರೂ ಈ ಕ್ರಿಯೆ ನಡೆಯುತ್ತಲೇ ಇರುತ್ತದೆ, ಸೆಕೆಯಲ್ಲಿ ಇನ್ನಷ್ಟು ಬೇಗ. ಹೊರಗೆ ಹೊಳಪು ಹಾಗೆಯೇ ಉಳಿಯುತ್ತದೆ. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಬಿಗಿದುಕೊಂಡಾಗ, ಒಂದು ಒತ್ತಡಕ್ಕೆ ಒಡೆಯುತ್ತದೆ. ನಮ್ಮ ಹುಡುಗನ ಬೂಟಿಗೆ ಗೀರು ಬಿದ್ದಿರಲಿಲ್ಲ, ನಿಜ. ಅದನ್ನು ಯಾರೂ ಬಹಳ ಕಾಲ ತೊಟ್ಟೇ ಇರಲಿಲ್ಲ. ಅದಕ್ಕೆ ವಯಸ್ಸಾಗಿತ್ತು.

ಔಲಿಯಿಂದ ಬಂದು ಒಂದು ತಿಂಗಳಿಗೆ ಊರಿಗೆ ಹೋದೆ. ಸಂಬಂಧಿಕರ ಮದುವೆ. ನಮ್ಮ ತಂದೆ ನನ್ನ ಮದುವೆಗೆಂದು ಕೊಂಡಿದ್ದ ಷೂವನ್ನು ಡಬ್ಬಿಯಿಂದ ತೆಗೆದು ಹಾಕಿಕೊಂಡರು. ಸತ್ಯನಾರಾಯಣಪೇಟೆಯ ಮನೆಯ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಅದರ ಅಟ್ಟೆ ಒಣಗಿದ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರಿತು. "ಎರಡೇ ಸಲ ಹಾಕ್ಕೊಂಡೀನಿ ನೋಡಪ್ಪ, ಹೆಂಗಾತು ಇದು?" ಎಂದು ಕೇಳಿದರು. ನಾನು ಅಲ್ಲಿಯೇ ನಿಂತುಬಿಟ್ಟೆ. ಆ ಅಟ್ಟೆಯೂ ಪಾಲಿಯುರಿಥೇನ್. ಔಲಿಯ ಬೂಟಿನ ಕಥೆ ನಮ್ಮ ಮನೆಯ ಬೀರುವಿನಲ್ಲಿಯೂ ಹದಿನಾಲ್ಕು ವರ್ಷ ನಡೆದಿತ್ತು. ತಂದೆಯವರು ಬೀದಿಯಲ್ಲಿ ನಕ್ಕು ಚಪ್ಪಲಿ ಹಾಕಿಕೊಂಡರು. ಬೆಟ್ಟದ ಇಳಿಜಾರಿನಲ್ಲಿ ಆ ಹುಡುಗನಿಗೆ ಅಂಥ ಅವಕಾಶ ಇರಲಿಲ್ಲ.

ಹಾಗಾದರೆ ಒಂದು ಜೊತೆ ಸ್ಕೀ ಎಷ್ಟು ವರ್ಷ ಬಾಳುತ್ತದೆ? ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಹಲಗೆಯ ಲೆಕ್ಕ ವರ್ಷದಲ್ಲಲ್ಲ, ಬಳಸಿದ ದಿನಗಳಲ್ಲಿ. ಸಾಮಾನ್ಯ ಬಳಕೆಗೆ ನೂರರಿಂದ ಇನ್ನೂರು ದಿನ ಎಂಬುದು ಬಲ್ಲವರ ಸ್ಥೂಲ ಅಂದಾಜು. ವರ್ಷಕ್ಕೆ ಹದಿನೈದು ದಿನ ಜಾರುವವರಿಗೆ ಅದು ಹತ್ತು ವರ್ಷ ಬಂದೀತು. ದಿನವೂ ಅಭ್ಯಾಸ ಮಾಡುವ ಸ್ಪರ್ಧಿಗೆ ಒಂದೆರಡು ಚಳಿಗಾಲಕ್ಕೇ ಮುಗಿಯಬಹುದು. ಆದರೆ ಬೂಟು, ಬೈಂಡಿಂಗಿನ ಲೆಕ್ಕ ಬಳಸಿದ ದಿನಗಳ ಜೊತೆಗೆ ಕ್ಯಾಲೆಂಡರಿನಲ್ಲಿಯೂ ಇದೆ. ವರ್ಷಕ್ಕೆ ಐದೇ ದಿನ ಬಳಸುತ್ತೇನೆ, ಆದ್ದರಿಂದ ನನ್ನ ಸಾಮಾನು ನಲವತ್ತು ವರ್ಷ ಬಾಳುತ್ತದೆ ಎಂದು ಭಾಗಾಕಾರ ಮಾಡಿದವನ ಗಣಿತ ಸರಿ, ವಿಜ್ಞಾನ ತಪ್ಪು.

ಆಯುಸ್ಸನ್ನು ಹೆಚ್ಚಿಸಲು ದೊಡ್ಡ ವಿದ್ಯೆ ಬೇಕಿಲ್ಲ. ಬಳಸಿದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು. ತಳಕ್ಕೆ ಆಗಾಗ ಬಿಸಿ ಮೇಣ ಹಚ್ಚಬೇಕು. ಗೀರು ಬಿದ್ದರೆ ಅಂದೇ ಪಾಲಿಥಿನ್ ಕಡ್ಡಿ ಕರಗಿಸಿ ತುಂಬಬೇಕು. ಬಿಸಿಲೂ ತೇವವೂ ಇಲ್ಲದ ಜಾಗದಲ್ಲಿಡಬೇಕು. ಬೈಂಡಿಂಗನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು.

ನಾರ್ವೆ ದೇಶದ ಡಿಗರ್ವಾರ್ಡನ್ ಎಂಬ ಬೆಟ್ಟದ ಹಿಮದಲ್ಲಿ 2014ರಲ್ಲಿ ಒಂದು ಮರದ ಸ್ಕೀ ದೊರೆಯಿತು. ಏಳು ವರ್ಷದ ನಂತರ, 2021ರಲ್ಲಿ, ಅಲ್ಲಿಯೇ ಕೆಲವು ಮೀಟರ್ ದೂರದಲ್ಲಿ ಅದರ ಜೊತೆಯದೂ ಸಿಕ್ಕಿತು. ವಯಸ್ಸು ಸುಮಾರು 1300 ವರ್ಷ. ಕಾಲು ಕಟ್ಟುವ ಬರ್ಚ್ ಕಡ್ಡಿಯ ಕಟ್ಟು ಕೂಡ ಉಳಿದಿತ್ತು. ಚಳಿ ಅದನ್ನು ಕೊಳೆಯದಂತೆ ಕಾಪಾಡಿತ್ತು. ಆದರೆ ನನ್ನ ಮನಸ್ಸಿಗೆ ತಾಗಿದ ಸಂಗತಿ ಬೇರೆ: ಆ ಹಲಗೆಗಳ ಮೇಲೆ ರಿಪೇರಿಯ ಗುರುತುಗಳಿವೆ. ಹದಿಮೂರು ಶತಮಾನದ ಹಿಂದೆ ಯಾರೋ ಒಬ್ಬರು ತಮ್ಮ ಹಲಗೆಯನ್ನು ತಿರುಗಿಸಿ ನೋಡಿ, ಎಲ್ಲಿ ಹಾಳಾಗಿದೆಯೆಂದು ಗುರುತಿಸಿ, ಸರಿಪಡಿಸಿಕೊಂಡು ಮತ್ತೆ ಬೆಟ್ಟ ಹತ್ತಿದ್ದರು. ನಾನು ಔಲಿಯಲ್ಲಿ ಮಾಡದೆ ಹೋದದ್ದು ಅದನ್ನೇ. ನಾನು ಹೊಳಪನ್ನು ನೋಡಿದೆ, ವಯಸ್ಸನ್ನು ಕೇಳಲಿಲ್ಲ.

ಮಿತ್ರರೆ, ನಿಮ್ಮಲ್ಲಿ ಹೆಚ್ಚಿನವರು ಸ್ಕೀ ಹಲಗೆ ಹತ್ತಲಾರಿರಿ. ಆದರೆ ನಾಳೆ ಬೆಳಿಗ್ಗೆ ಅಣ್ಣನ ಬೈಕಿನ ಹಿಂದೆ ಕೂರುತ್ತೀರಿ. ಹತ್ತುವ ಮೊದಲು ಬಗ್ಗಿ ಟೈರಿನ ಪಕ್ಕವನ್ನು ನೋಡಿ. ಅಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗೀರುಗಳು ಆಳವಾಗಿದ್ದರೂ ರಬ್ಬರು ಮುದಿಯಾಗಿರಬಹುದು. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಒಮ್ಮೆ ಜೋರಾಗಿ ಪೆಟ್ಟು ತಿಂದರೆ ಜಜ್ಜಿಹೋಗುತ್ತದೆ. ಎರಡನೆಯ ಪೆಟ್ಟನ್ನು ತಡೆಯಲಾರದು, ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿರಲಿ. ಯಾವ ವಸ್ತುವನ್ನಾದರೂ ನಂಬಿ ಮೈಯನ್ನು ಒಪ್ಪಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಸವೆದಿದೆ? ಎಷ್ಟು ದಣಿದಿದೆ? ಎಷ್ಟು ವಯಸ್ಸಾಗಿದೆ? ಮೊದಲನೆಯದಕ್ಕೆ ಕಣ್ಣು ಉತ್ತರ ಹೇಳುತ್ತದೆ. ಉಳಿದ ಎರಡಕ್ಕೆ ನೀವು ಕಲಿಯುವ ವಿಜ್ಞಾನವೇ ಉತ್ತರ ಹೇಳಬೇಕು.

ನಮ್ಮ ಹುಡುಗ ಈಗ ಚೆನ್ನಾಗಿ ನಡೆಯುತ್ತಾನೆ, ಕ್ಯಾಮೆರಾ ಹೊರುತ್ತಾನೆ. ಹೊರಾಂಗಣ ಚಿತ್ರೀಕರಣಕ್ಕೆ ಯಾವ ಸಾಮಾನು ಬಾಡಿಗೆಗೆ ತಂದರೂ ಮೊದಲು ತಿರುಗಿಸಿ, ತಯಾರಾದ ಇಸವಿಯನ್ನು ಹುಡುಕುತ್ತಾನೆ. ಈಗ ನಾನೂ ಅವನ ಪಕ್ಕದಲ್ಲಿ ನಿಂತು ಅದನ್ನೇ ಹುಡುಕುತ್ತೇನೆ.