ಗೆಜ್ಜೆಯ ಸದ್ದು

ಬೈಂದೂರು ಕಡೆಯಿಂದ ಮೂಡಣಕ್ಕೆ ತಿರುಗಿದರೆ ಕೊಡಚಾದ್ರಿ. ಎತ್ತರ 1343 ಮೀಟರ್. ಮಳೆಗಾಲದಲ್ಲಿ ಅದರ ತಲೆ ಕಾಣುವುದೇ ಅಪರೂಪ.

ಆ ಬೆಟ್ಟದ ಕಥೆ ನಿಮಗೆ ಗೊತ್ತೇ ಇದೆ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರಂತೆ. ದೇವಿ ಒಲಿದು, ಅವರು ಕರೆದ ಊರಿಗೆ ಅವರ ಹಿಂದೆ ಬರಲು ಒಪ್ಪಿದಳಂತೆ. ತಿರುಗಿ ಮಾತ್ರ ನೋಡಬಾರದು. ಕಾಡಿನ ದಾರಿಯುದ್ದಕ್ಕೂ ಗೆಜ್ಜೆಯ ಸದ್ದು. ಕೊಲ್ಲೂರಿಗೆ ಬಂದಾಗ ಸದ್ದು ನಿಂತಿತು. ಆಚಾರ್ಯರು ತಿರುಗಿದರು. ದೇವಿ ಅಲ್ಲೇ ನೆಲೆ ನಿಂತಳು.

ಮಂಜು ಕವಿದ ದಿನ ಕೊಡಚಾದ್ರಿಯ ಮೇಲಿನ ಸರ್ವಜ್ಞ ಪೀಠದ ಏರು ಹತ್ತಿದವರಿಗೆ ಗೊತ್ತು. ಮುಂದೆ ಹೋದವರ ಬೆನ್ನು ನಾಲ್ಕು ಮಾರು ದೂರದಲ್ಲೇ ಮರೆಯಾಗುತ್ತದೆ. ಗಾಳಿಗೆ ಹುಲ್ಲು ಸರಿದರೂ ಹಿಂದೆ ಯಾರೋ ಬಂದ ಹಾಗೆ. ಕಿವಿ ತಾನಾಗಿಯೇ ಚುರುಕಾಗುತ್ತದೆ.

ಬೆಟ್ಟದ ಕಥೆ ಎಂದರೆ ಹೆದರಿಸುವ ಕಥೆ ಅನ್ನುತ್ತಾರೆ. ಇದರಲ್ಲಿ ಹೆದರಿಕೆ ಎಲ್ಲಿದೆ ಹೇಳಿ? ಹಿಂದೆ ಬರುವವಳು ತಾಯಿ. ಮಾತು ತಪ್ಪಿದ್ದಕ್ಕೆ ಶಾಪವೂ ಇಲ್ಲ. ಆಚಾರ್ಯರು ಅಂದುಕೊಂಡ ಊರನ್ನು ಅವಳು ಮುಟ್ಟಲಿಲ್ಲ, ನಿಜ. ಆದರೆ ಆ ಒಂದು ನೋಟದಿಂದ ಸೌಪರ್ಣಿಕಾ ನದಿಯ ಸೀಮೆಗೆ ಮೂಕಾಂಬಿಕೆ ಸಿಕ್ಕಿದಳು. ಇವತ್ತು ದೂರದ ಕೇರಳದಿಂದಲೂ ಮಕ್ಕಳನ್ನು ಎತ್ತಿಕೊಂಡು ಬಂದು, ಅವಳೆದುರು ಅಕ್ಷರಾಭ್ಯಾಸ ಮಾಡಿಸುತ್ತಾರೆ.